ಸಣ್ಣ ಪಕ್ಷ ಏಳುವುದು ಹೇಗೆ, ನಿಲ್ಲುವುದು ಹೇಗೆ

(ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹೊಸ ಪಕ್ಷವೊಂದು ಹುಟ್ಟಿತೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಪೇಟೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಚಹದಂಗಡಿಯಲ್ಲಿ ಕುಳಿತ ತರುಣರು ‘ಇನ್ನ ಎಲ್ಲಾ ಬದಲಾಗತೈತಿ ನೋಡ್ರಿ’ ಎನ್ನುತ್ತಾರೆ. ಅವರ ಎದುರಿಗೆ ಕುಳಿತ ಹಿರಿಯರು ‘ಸಣ್ಣ ಪಕ್ಷಕ್ಕ ಹಾಕಿದ ಓಟು ಹೊಳಿಯಾಗ ಹುಣಸಿಹಣ್ಣ ತೊಳದಂಗ’ ಎನ್ನುತ್ತಾರೆ. ತರುಣರ ಉತ್ಸಾಹವನ್ನು ನಾವು ಹಳಿಯುವುದಿಲ್ಲ. ಹಿರಿಯರ ಅನುಭವವನ್ನೂ ಅಲ್ಲಗಳೆಯುವುದಿಲ್ಲ. ಆದರೆ ಈ ಎರಡೂ ಮಾತುಗಳು ಲೆಕ್ಕ ನೋಡದೆ ಆಡಿದ ಮಾತುಗಳು. ಈ ಸಭೆಯಲ್ಲಿ ಕುಳಿತವರೆಲ್ಲ ಲೆಕ್ಕ ಬಲ್ಲವರು. ಎಷ್ಟು ನೂಲು ಹೋಯಿತು, ಎಷ್ಟು ಸೀರೆ ಬಂತು, ಎಷ್ಟು ಉದ್ರಿ ನಿಂತಿತು ಎಂಬುದನ್ನು ದಿನಾಲು ಬರೆದಿಡುವವರು. ಅದೇ ಕಣ್ಣಿನಿಂದ ನಮ್ಮ ನಾಡಿನ ಸಣ್ಣ ಪಕ್ಷಗಳ ಲೆಕ್ಕವನ್ನೊಮ್ಮೆ ನೋಡೋಣ ಎಂಬುದೇ ಇಂದಿನ ನಮ್ಮ ಉದ್ದೇಶ.

ಮೊದಲು ನಮ್ಮ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಬಾಗಲಕೋಟೆ ಲೋಕಸಭಾ ಮತಕ್ಷೇತ್ರದಲ್ಲಿ 1991ರಲ್ಲಿ ಕಾಂಗ್ರೆಸ್ ಗೆದ್ದಿತು. 1996ರಲ್ಲಿ ಜನತಾದಳ ಗೆದ್ದಿತು. 1998ರಲ್ಲಿ ಲೋಕಶಕ್ತಿ ಎಂಬ, ಹುಟ್ಟಿ ಒಂದು ವರುಷದಷ್ಟೇ ಆಗಿದ್ದ ಪಕ್ಷ ಗೆದ್ದಿತು. 1999ರಲ್ಲಿ ಮತ್ತೆ ಕಾಂಗ್ರೆಸ್. 2004ರಲ್ಲಿ ಭಾರತೀಯ ಜನತಾ ಪಕ್ಷ. ಅಂದಿನಿಂದ 2024ರ ವರೆಗೆ ಐದು ಚುನಾವಣೆಗಳಲ್ಲಿಯೂ ಅದೇ ಪಕ್ಷ. ಎಂಟು ವರುಷದೊಳಗೆ ನಾಲ್ಕು ಚುನಾವಣೆ ನಡೆದು ಮೂರು ಪಕ್ಷಗಳು ಬಂದುಹೋದವು. ಆಮೇಲೆ ಇಪ್ಪತ್ತು ವರುಷ ಒಂದೇ ಪಕ್ಷ ನಿಂತಿತು. ಯಾತಕ್ಕೆ ಹೀಗಾಯಿತು? ಇದರ ಉತ್ತರ ಹುಡುಕಿದರೆ ಸಣ್ಣ ಪಕ್ಷದ ಏಳುಬೀಳಿನ ಗುಟ್ಟೆಲ್ಲ ಸಿಕ್ಕೀತು.

1991ರಲ್ಲಿ ಇಲ್ಲಿಗೆ ಉಮೇದುವಾರರಾಗಿ ಬಂದವರು ರಾಮಕೃಷ್ಣ ಹೆಗಡೆಯವರು. 1983ರಲ್ಲಿ ಕರ್ನಾಟಕದ ಮೊದಲನೆಯ ಕಾಂಗ್ರೆಸ್ಸೇತರ ಸರಕಾರದ ಮುಖ್ಯಮಂತ್ರಿಯಾದವರು, ದೇಶದಲ್ಲೆಲ್ಲ ಹೆಸರಾದವರು. ಅವರನ್ನು ಸೋಲಿಸಿದವರು ಜಮಖಂಡಿಯ ಸಿದ್ದು ನ್ಯಾಮಗೌಡರು. ಎರಡು ವರುಷದ ಹಿಂದೆ, 1989ರಲ್ಲಿ, ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು ಚಿಕ್ಕಪಡಸಲಗಿಯ ಹತ್ತಿರ ಹೊಳೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದ್ದರು. ಆ ಕೆಲಸದ ಮುಂದಾಳಾಗಿದ್ದವರು ನ್ಯಾಮಗೌಡರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಾಯಿತು. ನ್ಯಾಮಗೌಡರು ಕಾಂಗ್ರೆಸ್ಸಿನ ಗುರುತಿನ ಮೇಲೆ ನಿಂತಿದ್ದರು, ನಿಜ. ಆದರೆ ಹೊಳೆದಂಡೆಯ ರೈತ ಕಂಡದ್ದು ತನ್ನ ಹೊಲಕ್ಕೆ ಬಂದ ನೀರನ್ನು. ದೊಡ್ಡ ಹೆಸರು ಒಂದು ಕಡೆ, ಕಟ್ಟಿ ತೋರಿಸಿದ ಕೆಲಸ ಇನ್ನೊಂದು ಕಡೆ ನಿಂತಾಗ ಈ ಜನ ಕೆಲಸವನ್ನು ಆರಿಸಿದರು. ಈ ಸಂಗತಿಯನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ಏಳು ವರುಷ ಕಳೆಯುವಷ್ಟರಲ್ಲಿ ಕಾಲ ಬದಲಾಯಿತು. 1996ರಲ್ಲಿ ದೇವೇಗೌಡರು ಪ್ರಧಾನಮಂತ್ರಿಯಾದರು. ಅದೇ ವರುಷ ಹೆಗಡೆಯವರನ್ನು ಜನತಾದಳದಿಂದ ಹೊರಹಾಕಲಾಯಿತು. 1997ರಲ್ಲಿ ಅವರು ಲೋಕಶಕ್ತಿಯನ್ನು ಕಟ್ಟಿದರು. ನಮ್ಮ ನಾಯಕರಿಗೆ ಅನ್ಯಾಯವಾಯಿತೆಂಬ ಭಾವನೆ ಈ ಉತ್ತರ ಭಾಗದಲ್ಲಿ ಬಲವಾಗಿತ್ತು. 1998ರ ಚುನಾವಣೆಯಲ್ಲಿ ಲೋಕಶಕ್ತಿಯು ಭಾಜಪದೊಡನೆ ಹೊಂದಾಣಿಕೆ ಮಾಡಿಕೊಂಡಿತು. ರಾಜ್ಯದ 28 ಸ್ಥಾನಗಳಲ್ಲಿ ಭಾಜಪಕ್ಕೆ 13, ಲೋಕಶಕ್ತಿಗೆ 3 ಬಂದವು. ಕಾಂಗ್ರೆಸ್ಸಿಗೆ 9 ಉಳಿದವು. ದೇವೇಗೌಡರ ಜನತಾದಳ 3ಕ್ಕೆ ಇಳಿಯಿತು. ಲೋಕಶಕ್ತಿಯ ಆ ಮೂರು ಸ್ಥಾನಗಳು ಯಾವುವು? ಚಿಕ್ಕೋಡಿಯಲ್ಲಿ ರಮೇಶ ಜಿಗಜಿಣಗಿ, ಧಾರವಾಡ ದಕ್ಷಿಣದಲ್ಲಿ ಬಿ. ಎಂ. ಮೆಣಸಿನಕಾಯಿ, ನಮ್ಮ ಬಾಗಲಕೋಟೆಯಲ್ಲಿ ಅಜಯಕುಮಾರ ಸರನಾಯಕ. ಮೂರೂ ನಮ್ಮ ಸುತ್ತಮುತ್ತಲಿನವೇ. ಹೆಗಡೆಯವರು ವಾಜಪೇಯಿ ಸರಕಾರದಲ್ಲಿ ವಾಣಿಜ್ಯಮಂತ್ರಿಯಾದರು. ವರುಷದ ಕೂಸು ದಿಲ್ಲಿಯ ಗಾದಿಯ ಮಗ್ಗುಲಿಗೆ ಹೋಗಿ ಕುಳಿತಿತು!

ಆ ಏಳಿಗೆ ಎಷ್ಟು ದಿನ ಬಾಳಿತು? 1999ರ ಏಪ್ರಿಲ್ 17ರಂದು ವಾಜಪೇಯಿ ಸರಕಾರ ಒಂದೇ ಒಂದು ಓಟಿನಿಂದ ಬಿತ್ತು. ಚುನಾವಣೆ ಮತ್ತೆ ಬಂದಿತು. ಆಗ ಲೋಕಶಕ್ತಿ ಎಂಬ ಪಕ್ಷವೇ ಇರಲಿಲ್ಲ. ಅದು ಜನತಾದಳ (ಸಂಯುಕ್ತ)ದೊಳಗೆ ಸೇರಿಹೋಗಿತ್ತು. ಬಾಗಲಕೋಟೆ ಕಾಂಗ್ರೆಸ್ಸಿಗೆ ಹೋಯಿತು. ಅದೇ ವರುಷದ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಸಂಯುಕ್ತ ದಳಕ್ಕೆ 18, ಜಾತ್ಯತೀತ ದಳಕ್ಕೆ 10 ಬಂದವು. 1994ರಲ್ಲಿ ಒಂದೇ ಮನೆಯಾಗಿದ್ದಾಗ ಅವರಿಗೆ 115 ಸ್ಥಾನಗಳಿದ್ದವು. ಅಣ್ಣತಮ್ಮಂದಿರು ಪಾಲಾದಾಗ ಹೊಲಕ್ಕಿಂತ ಬದುವೇ ಹೆಚ್ಚಾಗುತ್ತದೆಂಬುದನ್ನು ಒಕ್ಕಲುತನ ಬಲ್ಲವರಿಗೆ ನಾವು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಲೋಕಶಕ್ತಿ ಮಾಯವಾದರೂ ಅದಕ್ಕೆ ಓಟು ಹಾಕಿದ ಜನ ಮಾಯವಾಗಲಿಲ್ಲ. ಕಾಂಗ್ರೆಸ್ಸಿಗೆ ಎದುರಾಗಿ ಹೊಸ ಗುರುತಿಗೆ ಒಮ್ಮೆ ಮುದ್ರೆ ಒತ್ತಿದವರು, ನಂಬಿದ ಪಕ್ಷ ಕಾಣದಾದಾಗ ಅದರ ಜೊತೆಗೆ ನಿಂತಿದ್ದ ಪಕ್ಷದ ಕಡೆಗೆ ನಡೆದರು. ಉತ್ತರ ಕರ್ನಾಟಕದಲ್ಲಿ ಭಾಜಪದ ಬೆಳವಣಿಗೆಗೆ 1998ರ ಆ ಹೊಂದಾಣಿಕೆ ಏಣಿಯಾಯಿತು ಎಂಬುದು ನಮ್ಮ ತಿಳಿವಳಿಕೆ. ಏಣಿ ಹತ್ತಿದವನು ಮಾಳಿಗೆ ಮುಟ್ಟುತ್ತಾನೆ. ಏಣಿ ಅಂಗಳದಲ್ಲಿಯೇ ಉಳಿಯುತ್ತದೆ.

ಹಾಗಾದರೆ ದೊಡ್ಡ ಪಕ್ಷವು ಸಣ್ಣ ಪಕ್ಷವನ್ನು ಏಕೆ ಓಲೈಸುತ್ತದೆ? ಇದಕ್ಕೊಂದು ಸರಳ ಗಣಿತವಿದೆ. ಒಂದು ಮತಕ್ಷೇತ್ರದಲ್ಲಿ 1,50,000 ಓಟು ಬಿದ್ದವೆಂದು ಇಟ್ಟುಕೊಳ್ಳಿರಿ. ಒಬ್ಬನಿಗೆ 60,000, ಇನ್ನೊಬ್ಬನಿಗೆ 55,000, ಸಣ್ಣ ಪಕ್ಷದವನಿಗೆ 35,000. ಗೆದ್ದವನು 60,000ದವನು, ಅವನನ್ನು ಬೇಡವೆಂದವರು 90,000 ಜನ. ಹೆಚ್ಚು ಓಟು ಬಂದವನೇ ಗೆದ್ದ ಎಂಬ ನಮ್ಮ ಪದ್ಧತಿಯಲ್ಲಿ ಮೂರನೆಯವನಿಗೆ ಕುರ್ಚಿ ಸಿಗುವುದಿಲ್ಲ, ಆದರೆ ಕುರ್ಚಿ ಯಾರಿಗೆ ಎಂಬುದನ್ನು ಅವನ 35,000 ಓಟುಗಳೇ ಗೊತ್ತುಮಾಡುತ್ತವೆ. ಆದುದರಿಂದಲೇ ಚುನಾವಣೆಯ ಮುಂಚೆ ದೊಡ್ಡವರ ಮೋಟಾರು ಸಣ್ಣವರ ಮನೆಯ ಮುಂದೆ ಬಂದು ನಿಲ್ಲುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುವ ಹಿರಿಯರಿಗೆ ನಮ್ಮ ಉತ್ತರ ಇದು: ಆ ಓಟಿಗೆ ಬೆಲೆ ಇದೆ. ಬೆಲೆ ಇಲ್ಲದ ಸರಕನ್ನು ಯಾರೂ ಕೊಳ್ಳಲು ಬರುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಆ ಸರಕಿನ ಒಡೆಯರು ಯಾರು? ಓಟು ಹಾಕಿದ 35,000 ಜನರೋ, ಅವರ ಹೆಸರಿನಲ್ಲಿ ಮಾತುಕತೆಗೆ ಕುಳಿತ ಒಬ್ಬನೋ?

ಕಾಯಿದೆಯ ಮಾತನ್ನೂ ಸ್ವಲ್ಪ ತಿಳಿದುಕೊಳ್ಳೋಣ. ಬಿದ್ದ ಓಟುಗಳಲ್ಲಿ ಆರರಲ್ಲೊಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಉಮೇದುವಾರನ ಠೇವಣಿ ಮುಳುಗುತ್ತದೆ. 1952ರ ಚುನಾವಣೆಯಲ್ಲಿ ವಿಧಾನಸಭೆಗೆ ಠೇವಣಿ 250 ರೂಪಾಯಿ ಇತ್ತು. 2009ರ ತಿದ್ದುಪಡಿಯ ನಂತರ ಅದು 10,000 ಆಗಿದೆ. ಪಕ್ಷಕ್ಕೆ ತನ್ನದೇ ಖಾಯಂ ಗುರುತು ಬೇಕಾದರೆ ರಾಜ್ಯದಲ್ಲಿ ಮಾನ್ಯತೆ ಗಳಿಸಬೇಕು. ಶೇಕಡಾ 6ರಷ್ಟು ಓಟು, ಜೊತೆಗೆ ವಿಧಾನಸಭೆಯಲ್ಲಿ 2 ಸ್ಥಾನ ಎಂಬುದು ಆ ಮಾನ್ಯತೆಯ ದಾರಿಗಳಲ್ಲೊಂದು. ಬಡವರ ಪಕ್ಷಕ್ಕೆ ಇವು ಸಣ್ಣ ಮೆಟ್ಟಿಲುಗಳಲ್ಲ. ಆದರೂ ಈ ಮೆಟ್ಟಿಲು ಹತ್ತಿದ ಮಾತ್ರಕ್ಕೆ ಪಕ್ಷ ಉಳಿಯುತ್ತದೆಂದು ತಿಳಿಯಕೂಡದು. 2013ರಲ್ಲಿ ಯಡಿಯೂರಪ್ಪನವರು ಭಾಜಪದಿಂದ ಹೊರಬಂದು ಕರ್ನಾಟಕ ಜನತಾ ಪಕ್ಷದಿಂದ ಸ್ಪರ್ಧಿಸಿದರು. ಮೊದಲ ಚುನಾವಣೆಯಲ್ಲಿಯೇ ಶೇಕಡಾ 10ರ ಸಮೀಪ ಓಟು ಬಂದವು, 6 ಸ್ಥಾನಗಳೂ ಬಂದವು. 2008ರಲ್ಲಿ 110 ಸ್ಥಾನ ಗೆದ್ದಿದ್ದ ಭಾಜಪ 40ಕ್ಕೆ ಇಳಿಯಿತು; ಕಾಂಗ್ರೆಸ್ಸಿಗೆ 122 ಬಂದವು. 2014ರ ಜನವರಿಯಲ್ಲಿ ಆ ಹೊಸ ಪಕ್ಷ ಹಳೆಯ ಮನೆಗೇ ಮರಳಿ ಸೇರಿತು. ಓಟು ಹಾಕಿದ ಲಕ್ಷಾಂತರ ಜನರನ್ನು ಯಾರಾದರೂ ಕೇಳಿದರೇ? ಮುನಿಸಿನಿಂದ ಹುಟ್ಟಿದ ಪಕ್ಷ ಮುನಿಸು ತೀರಿದ ದಿನ ಮುಗಿಯುತ್ತದೆ.

ಹೀಗೆ ಹೇಳಿದ ಮಾತ್ರಕ್ಕೆ ಸಣ್ಣ ಪಕ್ಷಗಳಿಂದ ಏನೂ ಆಗಿಲ್ಲವೆಂದು ನಾವು ಒಪ್ಪುವವರಲ್ಲ. ಈಗ ಘಟ್ಟದ ಸೆರಗಿನ ಸಾಗರ ಸೀಮೆಗೆ ಹೋಗಿ ಬರೋಣ. 1951ರಲ್ಲಿ ಕಾಗೋಡು ಎಂಬ ಹಳ್ಳಿಯಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಜಗಳ ಹತ್ತಿದ್ದು ಒಂದು ಕೊಳಗದ ಮೇಲೆ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ. ಸರಿಯಾದ ಅಳತೆಯಲ್ಲಿ ತೆಗೆದುಕೊಳ್ಳಿರಿ ಎಂದು ಕೇಳಿದ್ದಕ್ಕೆ ರೈತರನ್ನು ಹೊಲ ಬಿಡಿಸಿದರು. ಅಳತೆಯಲ್ಲಿ ಮೋಸವೆಂದರೇನೆಂದು ನೇಕಾರನಿಗೂ ಗೊತ್ತು, ಅಂಗಡಿಕಾರನಿಗೂ ಗೊತ್ತು. ಎಚ್. ಗಣಪತಿಯಪ್ಪನವರು ಅಲ್ಲಿಯ ರೈತ ಸಂಘವನ್ನು ಕಟ್ಟಿದ್ದರು. ಸಮಾಜವಾದಿ ಪಕ್ಷ ಅದರ ಬೆನ್ನಿಗೆ ನಿಂತಿತು. ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದರು. ಮರುವರುಷದ ಚುನಾವಣೆಯಲ್ಲಿ, ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಕಾಂಗ್ರೆಸ್ಸಿನ ಬಲಾಢ್ಯ ಉಮೇದುವಾರರನ್ನು ಸೋಲಿಸಿ ಮೈಸೂರು ವಿಧಾನಸಭೆಯನ್ನು ಹೊಕ್ಕರು.

ಆಗ ನಾವು ಆ ರಾಜ್ಯದಲ್ಲಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಇವು 1948ರ ಮಾರ್ಚಿಯಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1952ರಲ್ಲಿ ನಮ್ಮ ಹಿರಿಯರು ಓಟು ಹಾಕಿದ್ದು ಮುಂಬಯಿ ವಿಧಾನಸಭೆಗೆ. 1956ರ ನವೆಂಬರ 1ರಂದು ಕನ್ನಡನಾಡು ಒಂದಾದ ಮೇಲೆ ಕಾಗೋಡಿನ ಪ್ರಶ್ನೆ ನಮ್ಮ ಪ್ರಶ್ನೆಯೂ ಆಯಿತು. ಹೊಸ ರಾಜ್ಯದಲ್ಲಿ ಗೇಣಿ ಕಾಯಿದೆಗಳನ್ನು ಒಂದುಗೂಡಿಸುವ ಸಮಿತಿಗೆ ಅಧ್ಯಕ್ಷರಾದವರು ಜಮಖಂಡಿ ತಾಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು. ಅವರು 1958ರಿಂದ 1962ರ ವರೆಗೆ ಮುಖ್ಯಮಂತ್ರಿಯೂ ಆಗಿದ್ದರು. ಆ ಸಮಿತಿಯ ವರದಿಯ ಆಧಾರದ ಮೇಲೆ 1961ರ ಭೂಸುಧಾರಣಾ ಕಾಯಿದೆ ಬಂದಿತು. ಜಾರಿಗೆ ಬಂದದ್ದು 1965ರಲ್ಲಿ. ಅದರಲ್ಲಿ ಒಡೆಯರಿಗೆ ನುಸುಳಲು ಸಂದುಗಳು ಬಹಳ ಇದ್ದವು. ಆ ಸಂದುಗಳನ್ನು ಮುಚ್ಚಿ, ಉಳುವವನನ್ನೇ ಒಡೆಯನನ್ನಾಗಿ ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚಿ 1ರಂದು, ದೇವರಾಜ ಅರಸರ ಕಾಂಗ್ರೆಸ್ ಸರಕಾರದಲ್ಲಿ. ಗೋಪಾಲಗೌಡರು ಅದನ್ನು ನೋಡಲು ಇರಲಿಲ್ಲ. ಅವರು 1972ರಲ್ಲಿ ತೀರಿಕೊಂಡಿದ್ದರು.

ಲೆಕ್ಕ ಬಲ್ಲವರೇ, ಇದನ್ನು ಲಾಭದಲ್ಲಿ ಬರೆಯುವಿರೋ, ಹಾನಿಯಲ್ಲಿ ಬರೆಯುವಿರೋ? ಸಮಾಜವಾದಿಗಳಿಗೆ ಈ ರಾಜ್ಯದಲ್ಲಿ ಎಂದೂ ಸರಕಾರ ಸಿಗಲಿಲ್ಲ. ಆದರೆ ಅವರು ಎತ್ತಿದ ಬೇಡಿಕೆಯನ್ನು ಅವರ ಎದುರಾಳಿ ಪಕ್ಷವೇ ಕಾಯಿದೆಯಾಗಿ ಬರೆಯಬೇಕಾಯಿತು. ಗೇಣಿದಾರನ ಹೆಸರು ಪಹಣಿಯಲ್ಲಿ ಕೂತಿತು. ನಾವಂತೂ ಇದನ್ನು ಲಾಭವೆಂದೇ ಬರೆಯುತ್ತೇವೆ.

ಹಾನಿಯ ಕಡೆಯೂ ಖಾಲಿಯಿಲ್ಲ. 1957ರಲ್ಲಿ ಪ್ರಜಾ ಸಮಾಜವಾದಿ ಪಕ್ಷಕ್ಕೆ ಮೈಸೂರು ವಿಧಾನಸಭೆಯಲ್ಲಿ 18 ಸ್ಥಾನ, 1962ರಲ್ಲಿ 20, 1967ರಲ್ಲಿಯೂ 20. ಹತ್ತು ವರುಷ ನಿಂತಲ್ಲೇ ನಿಂತಿತು. ಲೋಹಿಯಾ ಅವರ ಗುಂಪು 1955ರಲ್ಲಿಯೇ ಬೇರೆಯಾಗಿತ್ತು. 1964ರಲ್ಲಿ ಕೂಡಿದಂತೆ ಮಾಡಿ ಮರುವರುಷವೇ ಮತ್ತೆ ಒಡೆಯಿತು. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷಕ್ಕೆ ಪ್ರತ್ಯೇಕವಾಗಿ 6 ಸ್ಥಾನ. ಸಿದ್ಧಾಂತದ ಹೆಸರಿನಲ್ಲಿ ಆಡಿದ ಜಗಳವನ್ನು ಹೊಲದಲ್ಲಿದ್ದ ಗೇಣಿದಾರ ಅರಿಯಲಿಲ್ಲ. ಕೊನೆಗೆ ಪಕ್ಷ ಕರಗಿತು, ಅದರ ಗರಡಿಯಲ್ಲಿ ಬೆಳೆದವರು ಬೇರೆ ಮನೆಗಳಲ್ಲಿ ದೊಡ್ಡವರಾದರು. ಬಂಗಾರಪ್ಪನವರು 1990ರಲ್ಲಿ ಕಾಂಗ್ರೆಸ್ಸಿನಿಂದ, ಜೆ. ಎಚ್. ಪಟೇಲರು 1996ರಲ್ಲಿ ಜನತಾದಳದಿಂದ ಮುಖ್ಯಮಂತ್ರಿಗಳಾದರು. ಶಾಲೆ ಮುಚ್ಚಿತು, ಅಲ್ಲಿ ಕಲಿತವರು ಬೇರೆ ಊರುಗಳಲ್ಲಿ ಹೆಸರು ಮಾಡಿದರು.

ಇನ್ನು ನಮ್ಮ ನೆರೆಯದೇ ಆದ ಇನ್ನೊಂದು ಸಂಗತಿ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರ ವಸೂಲಿ ಮಾಡಲು ಹೊರಟಿದ್ದಕ್ಕೆ ರೈತರು ಎದ್ದಿದ್ದರು. ಆ ನೆತ್ತರಿನಿಂದ ರಾಜ್ಯ ರೈತ ಸಂಘ ಬೆಳೆಯಿತು. ಹಸಿರು ವಲ್ಲಿ ಹೆಗಲೇರಿದ ರೈತನ ಮುಂದೆ ಅಧಿಕಾರಿ ಎದ್ದು ನಿಲ್ಲುವ ಕಾಲ ಬಂದಿತು. ಆದರೆ 1983ರ ಜನವರಿಯ ಚುನಾವಣೆಯಲ್ಲಿ ಆ ಸಿಟ್ಟಿನ ಫಲ ಉಂಡವರು ಬೇರೆಯವರು. ಅರಸರು ಕಟ್ಟಿಹೋಗಿದ್ದ ಕ್ರಾಂತಿರಂಗವೂ ಜನತಾ ಪಕ್ಷವೂ ಕೂಡಿ 95 ಸ್ಥಾನ ಗೆದ್ದವು. ಗುಂಡೂರಾಯರ ಕಾಂಗ್ರೆಸ್ಸಿಗೆ 82 ಉಳಿದವು. ರೈತ ಸಂಘ ತಾನೇ ವಿಧಾನಸಭೆಯಲ್ಲಿ ಎದ್ದುಕಂಡದ್ದು 1989ರಲ್ಲಿ. ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮಾಂತರ ಎರಡರಲ್ಲಿಯೂ ಗೆದ್ದರು. ಒಂದನ್ನು ಬಿಟ್ಟುಕೊಟ್ಟಾಗ ಎಂ. ಡಿ. ನಂಜುಂಡಸ್ವಾಮಿಯವರು ಅಲ್ಲಿಂದ ಆರಿಸಿಬಂದರು. ಮುಂದೆ ಸಂಘ ಬಣಗಳಾಗಿ ಒಡೆಯಿತು. ಹಾಗಿದ್ದರೂ ಸಕ್ಕರೆಯ ಸೀಮೆಯಾದ ಮಂಡ್ಯ ಜಿಲ್ಲೆಯಲ್ಲಿ ಕೆ. ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದಲೂ 2013ರಲ್ಲಿ ಮೇಲುಕೋಟೆಯಿಂದಲೂ ಗೆದ್ದರು. ಅವರು ತೀರಿಕೊಂಡ ಮೇಲೆ 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಅವರ ಮಗ ದರ್ಶನ ಪುಟ್ಟಣ್ಣಯ್ಯ ಗೆದ್ದರು. ಕಬ್ಬಿನ ಬಾಕಿಗಾಗಿ ಊರಿಗೊಂದು ಸಂಘ ಕೂಡುವ ರೂಢಿ ಉಳಿದ ಕಡೆಯಲ್ಲಿ ಆ ಸಣ್ಣ ಪಕ್ಷದ ದೀಪವೂ ಉಳಿಯಿತು.

ಎದುರಾಳಿಯಿಂದಲೂ ಕಲಿಯುವುದಿದ್ದರೆ ಕಲಿಯಬೇಕು. 1983ರಲ್ಲಿ ಭಾಜಪವೂ ಇಲ್ಲಿ ಸಣ್ಣ ಪಕ್ಷವೇ ಆಗಿತ್ತು; 18 ಸ್ಥಾನ. 1985ರಲ್ಲಿ ಅದು 2ಕ್ಕೆ ಬಿತ್ತು. 1989ರಲ್ಲಿ 4. ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿದರು. 1994ರಲ್ಲಿ 40, 1999ರಲ್ಲಿ 44, 2004ರಲ್ಲಿ 79, 2008ರಲ್ಲಿ 110. ಅದರ ವಿಚಾರಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಎರಡು ಸ್ಥಾನಕ್ಕೆ ಇಳಿದ ದಿನವೂ ಅದರ ಕಚೇರಿಗೆ ಬೀಗ ಬೀಳಲಿಲ್ಲ. ಬೆಳಗಿನ ಕೂಟಕ್ಕೆ ಬರುವವರು ಬರುತ್ತಲೇ ಇದ್ದರು. ಚುನಾವಣೆಯಿಂದ ಚುನಾವಣೆಗೆ ನಡುವಿನ ಐದು ವರುಷ ಅದರ ಕೆಳಗೊಂದು ಕಟ್ಟಡ ಇತ್ತು. ಲೋಕಶಕ್ತಿಯ ಕೆಳಗೆ ಅಂಥ ಕಟ್ಟಡ ಇರಲಿಲ್ಲ. ಇದ್ದದ್ದು ಒಬ್ಬ ದೊಡ್ಡ ಮನುಷ್ಯರ ನೆರಳು.

ಮಗ್ಗದ ಮುಂದೆ ಕುಳಿತವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಹಾಸು ಹೂಡದೆ ಹೊಕ್ಕು ಹೊಡೆಯಲು ಬರುವುದಿಲ್ಲ. ನಾಯಕ, ಭಾಷಣ, ಚುನಾವಣೆ ಇವೆಲ್ಲ ಹೊಕ್ಕಿನ ನೂಲು. ಬಣ್ಣ ಕಾಣುವುದು ಇದರಿಂದಲೇ. ಆದರೆ ಬಟ್ಟೆಯನ್ನು ಹಿಡಿದಿಡುವುದು ಹಾಸು. ಊರೂರಿನ ಸಂಘ, ತಿಂಗಳ ವಂತಿಗೆ, ಬರೆದಿಟ್ಟ ಲೆಕ್ಕ, ತಪ್ಪದೆ ಕೂಡುವ ಸಭೆ, ಕಷ್ಟ ಬಂದ ಮನೆಗೆ ಮೊದಲು ಹೋಗಿ ನಿಲ್ಲುವ ನಾಲ್ಕು ಜನ, ಇದು ಪಕ್ಷದ ಹಾಸು. ಚಿಕ್ಕಪಡಸಲಗಿಯ ಬ್ಯಾರೇಜು ಎದ್ದದ್ದು ಇಂಥ ಹಾಸಿನ ಮೇಲೆ. ಕಾಗೋಡಿನ ಸತ್ಯಾಗ್ರಹ ನಡೆದದ್ದೂ ಇಂಥ ಹಾಸಿನ ಮೇಲೆ.

ಈಗ ನಮ್ಮ ನಾಲ್ಕು ಊರುಗಳನ್ನು ನೋಡೋಣ. ಮುಧೋಳದ ಕಡೆಗೆ ಹೋದರೆ ಕಬ್ಬು ಮತ್ತು ಸಕ್ಕರೆ ಕಾರಖಾನೆ. ಇಲ್ಲಿ ಮಗ್ಗ. ಜಮಖಂಡಿಯಲ್ಲಿ ಪೇಟೆ. ಬೀಳಗಿಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಕಳೆದುಕೊಂಡವರು. ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಒಪ್ಪಿದ ಮೇಲೆ, ಮತ್ತೆಷ್ಟು ಮುಳುಗೀತೆಂದು ಕಾಯುತ್ತ ಕುಳಿತವರು. ಕಬ್ಬಿನವನು ಬಾಕಿ ಕೇಳುತ್ತಾನೆ, ನೇಕಾರ ಮಜೂರಿ ಕೇಳುತ್ತಾನೆ, ಮುಳುಗಡೆಯವನು ಪರಿಹಾರ ಕೇಳುತ್ತಾನೆ, ಅಂಗಡಿಕಾರ 2017ರಲ್ಲಿ ಬಂದ ಜಿ.ಎಸ್.ಟಿ.ಯ ಕಾಗದಪತ್ರದ ತೊಡಕಿನಿಂದ ಬಿಡುಗಡೆ ಕೇಳುತ್ತಾನೆ. ಒಬ್ಬೊಬ್ಬರೂ ಬೇರೆ ಬೇರೆ ಬಾಗಿಲಿಗೆ ನಿಲ್ಲುತ್ತಾರೆ. ಆದರೆ ಈ ನಾಲ್ವರ ಬದುಕು ಒಂದೇ ನೂಲಿನಲ್ಲಿ ಸಿಕ್ಕಿಕೊಂಡಿದೆ. ಕಬ್ಬಿನ ಬಿಲ್ಲು ತಡವಾದರೆ ಜಮಖಂಡಿಯ ಅಂಗಡಿಯ ಉದ್ರಿ ಬೆಳೆಯುತ್ತದೆ. ಅಂಗಡಿಯಲ್ಲಿ ಸೀರೆ ಹೋಗದಿದ್ದರೆ ಬನಹಟ್ಟಿಯ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ವಾರದ ಸಂತೆಯಲ್ಲಿ ಕಾಯಿಪಲ್ಯ ಮಾರುವವಳ ಬುಟ್ಟಿ ಖಾಲಿಯಾಗುವುದಿಲ್ಲ. ಇದನ್ನು ಕಂಡು ನಾಲ್ವರನ್ನೂ ಒಂದು ಚಾಪೆಯ ಮೇಲೆ ಕೂಡಿಸಬಲ್ಲ ಪಕ್ಷ ಎಷ್ಟೇ ಸಣ್ಣದಿರಲಿ, ಅದಕ್ಕೆ ಈ ಸೀಮೆಯಲ್ಲಿ ನೆಲೆ ಇದೆ. ನಾಲ್ವರನ್ನು ನಾಲ್ಕು ಜಾತಿಯ ಸಮಾವೇಶಗಳಿಗೆ ಕರೆದುಕೊಂಡು ಹೋಗುವವರು ಎಷ್ಟೇ ದೊಡ್ಡವರಿರಲಿ, ಅವರು ನಮ್ಮ ಹಾಸನ್ನು ಹರಿಯುವವರೇ ಸರಿ.

ಆದುದರಿಂದ ಹೊಸ ಧ್ವಜ ಹಿಡಿದು ಬರುವವರನ್ನು ನೀವು ಓಡಿಸಬೇಡಿರಿ, ಹಾರ ಹಾಕುವುದಕ್ಕೂ ಅವಸರಪಡಬೇಡಿರಿ. ಕುಳ್ಳಿರಿಸಿ ಚಹ ಕೊಟ್ಟು, ಹೆಣ್ಣು ನೋಡಲು ಬಂದ ಬೀಗರನ್ನು ಕೇಳಿದಂತೆ ಕೇಳಿರಿ. ಚುನಾವಣೆ ಇಲ್ಲದ ವರುಷ ನೀವು ಎಲ್ಲಿದ್ದಿರಿ? ಹಣ ಯಾರು ಕೊಡುತ್ತಾರೆ, ಅದರ ಲೆಕ್ಕವನ್ನು ಸಭೆಯಲ್ಲಿ ಓದುವಿರೋ? ನಾಳೆ ದೊಡ್ಡ ಪಕ್ಷ ಕೈಚಾಚಿದರೆ ಕೂಡುವುದೋ ಬಿಡುವುದೋ ಎಂಬುದನ್ನು ಗೊತ್ತುಮಾಡುವವರು ಯಾರು; ಬೆಂಗಳೂರಿನ ಒಂದು ಕೋಣೆಯೋ, ಊರಿನ ಸದಸ್ಯರ ಸಭೆಯೋ? ನಿಮ್ಮ ನಾಯಕರು ಇಲ್ಲದ ದಿನ ನಿಮ್ಮ ಪಕ್ಷ ಇರುತ್ತದೆಯೋ? ಈ ಪ್ರಶ್ನೆಗಳಿಗೆ ನೇರ ಉತ್ತರ ಬಂದರೆ ಆ ಪಕ್ಷಕ್ಕೆ ಒಂದೇ ಸ್ಥಾನವಿದ್ದರೂ ಚಿಂತೆಯಿಲ್ಲ. ಉತ್ತರ ಬಾರದಿದ್ದರೆ ನೂರು ಸ್ಥಾನವಿದ್ದರೂ ಅದು ನಿಮ್ಮ ಪಕ್ಷವಲ್ಲ.

ಕೆಲವರು ಕೇಳಬಹುದು: ಅಧಿಕಾರವೇ ಸಿಗದಿದ್ದರೆ ಇಷ್ಟೆಲ್ಲ ದುಡಿದು ಫಲವೇನು? ಅಧಿಕಾರ ಸಣ್ಣ ಪಕ್ಷಕ್ಕೆ ಸಿಗುವುದೇ ಇಲ್ಲವೆಂದಲ್ಲ. ಜಾತ್ಯತೀತ ದಳ 1999ರಲ್ಲಿ 10ಕ್ಕೆ ಇಳಿದು, 2004ರಲ್ಲಿ 58 ಗೆದ್ದು, 2006ರಲ್ಲಿ ಮುಖ್ಯಮಂತ್ರಿಯ ಗಾದಿ ಹಿಡಿಯಿತು. 2018ರಲ್ಲಿ 37 ಸ್ಥಾನಗಳಿಂದಲೇ ಮತ್ತೊಮ್ಮೆ ಹಿಡಿಯಿತು. ಎರಡು ಸಲವೂ ಆ ಗಾದಿ ಅವಧಿ ಮುಗಿಸಲಿಲ್ಲ. 2023ರಲ್ಲಿ ಅದಕ್ಕೆ ಬಂದದ್ದು 19. ಪರರ ಊರುಗೋಲಿನ ಮೇಲೆ ಏರಿದ ಗಾದಿಯ ಆಯುಷ್ಯ ಊರುಗೋಲು ಹಿಡಿದವನ ಮರ್ಜಿಯಲ್ಲಿರುತ್ತದೆ. ಕುರ್ಚಿ ಬರಲಿ, ಬೇಡವೆನ್ನುವವರಾರು? ಆದರೆ ಗೇಣಿದಾರನಿಗೆ ಭೂಮಿ ಬಂದದ್ದು ಗೋಪಾಲಗೌಡರ ಕುರ್ಚಿಯಿಂದಲ್ಲ ಎಂಬುದನ್ನು ಮರೆಯಕೂಡದು.

ಕೊನೆಯದಾಗಿ ನಮ್ಮ ಬಿನ್ನಹ ಇಷ್ಟೇ. ವಿದ್ಯುತ್ ಮಗ್ಗಗಳಲ್ಲಿ ತುಂಡಿನ ಲೆಕ್ಕದ ಮೇಲೆ ದುಡಿಯುವ ಅನೇಕರ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಹೆಸರೇ ಇಲ್ಲದವನಿಗೆ ಭವಿಷ್ಯನಿಧಿ ಎಲ್ಲಿಯದು, ದವಾಖಾನೆಯ ವಿಮೆ ಎಲ್ಲಿಯದು? ಯಾವ ಪಕ್ಷದ ಅಪ್ಪಣೆಗೂ ಕಾಯದೆ, ಓಣಿಗಿಬ್ಬರಂತೆ ಕುಳಿತು ಆ ಹೆಸರುಗಳನ್ನು ಬರೆಯಲು ತೊಡಗಿರಿ. ಯಾವ ನಮೂನೆಯ ಸೀರೆಗೆ ಎಷ್ಟು ಮಜೂರಿ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಅಂಗಡಿಕಾರರು ತಮ್ಮ ಉದ್ರಿಯ ಮೊತ್ತವನ್ನು, ಕಬ್ಬಿನವರು ತಮ್ಮ ಬಾಕಿಯನ್ನು, ಮುಳುಗಡೆಯವರು ತಮಗೆ ಬಂದ ಮತ್ತು ಬಾರದ ಪರಿಹಾರವನ್ನು ಬರೆದಿಡಲಿ. ಆ ನಾಲ್ಕು ವಹಿಗಳು ಒಂದು ಮೇಜಿನ ಮೇಲೆ ಕೂಡಿದ ದಿನ ಜಮಖಂಡಿ, ಮುಧೋಳ, ಬೀಳಗಿ, ತೇರದಾಳ ನಾಲ್ಕು ಮತಕ್ಷೇತ್ರಗಳಿಗೂ ಬರುವ ಉಮೇದುವಾರರೆಲ್ಲ, ದೊಡ್ಡ ಪಕ್ಷದವರೂ ಸಣ್ಣ ಪಕ್ಷದವರೂ, ಅವುಗಳ ಮುಂದೆ ನಿಂತು ಮಾತನಾಡಬೇಕಾಗುತ್ತದೆ. ಯಾವ ಪಕ್ಷ ಏಳಬೇಕು, ಯಾವುದು ಬೀಳಬೇಕು ಎಂಬುದನ್ನು ಆಗ ಗೊತ್ತುಮಾಡುವವರು ನೀವು.

ಬರುವ ಅಮವಾಸ್ಯೆಗೆ ಮಗ್ಗಗಳು ನಿಂತಿರುತ್ತವೆ. ಆ ದಿನ ಮೊದಲನೆಯ ವಹಿ ಬಿಚ್ಚೋಣ.